ಬಂಗುಡೆ ಪ್ಯಾಕೆಟ್ಟಿನ ಹಟ

ಮಲ್ಪೆಯ ಗುಲಾಬಿಯ ಮಗಳು ಪ್ರಮೀಳಾಳನ್ನು ನೋಡಲು ಗಂಡಿನವರು ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಒಲೆಯ ಮೇಲೆ ಮಸಾಲೆ ಕುದಿಯುತ್ತಿದ್ದರೂ ಬಂಗುಡೆಯ ಪ್ಯಾಕೆಟ್ಟು ಬಿಚ್ಚಿಕೊಳ್ಳಲೊಲ್ಲದು. ಎಲ್ಲ ಮೀನಿನ ಪ್ಯಾಕೆಟ್ಟುಗಳಂತೆ ಅದೂ ಅಡುಗೆಮನೆ ಒಪ್ಪಿಗೆಯಾದರೆ ಮಾತ್ರ ತೆರೆದುಕೊಳ್ಳುವಂಥದ್ದು.

“ಮಣೆ ತೊಳೀರಿ,” ಎಂದಿತು. ಗುಲಾಬಿ ತೊಳೆದಳು.

“ಒರೆಸುವ ಬಟ್ಟೆ ನಾರ್ತದೆ,” ಎಂದಿತು.

“ಮೆಲ್ಲ ಮಾತಾಡು ಮಾರಾಯ, ಬೀಗರಿದ್ದಾರೆ!” ಎಂದು ಅವಳು ಬಟ್ಟೆಯನ್ನು ಹೊರಗೆಸೆಯುವಷ್ಟರಲ್ಲಿ ಗಂಡಿನ ತಾಯಿ ಜಲಜಕ್ಕನೇ ಒಳಬಂದರು.

“ಹಟ ಮಾಡ್ತದಾ? ಕೊಡಿ ಇಲ್ಲಿ. ಶುದ್ಧ ಅಂದ್ರೆ ನಮ್ಮ ಮನೆಯದ್ದು,” ಎಂದು ಪ್ಯಾಕೆಟ್ಟಿಗೆ ಕೈ ಹಾಕಿದರು.

“ಸೋಪು ಹಾಕಿ ಕೈ ತೊಳೀರಿ. ಉಗುರಿನೊಳಗೆ ನಶ್ಯ ಉಂಟು!” ಪ್ಯಾಕೆಟ್ಟು ಪಡಸಾಲೆಗೆ ಕೇಳುವಂತೆ ಕೂಗಿತು.

ಜಲಜಕ್ಕನ ಮುಖ ಬಿಳಿಚಿತು. ನಶ್ಯ ಬಿಟ್ಟೆನೆಂದು ಅವರು ಪಡಸಾಲೆಯಲ್ಲಿ ಕುಳಿತಿದ್ದ ಗಂಡನಿಗೆ ಆಣೆಯಿಟ್ಟಿದ್ದರು. ಸಂಬಂಧ ಮುರಿಯಿತೆಂದು ಗುಲಾಬಿ ತಲೆಯ ಮೇಲೆ ಕೈ ಹೊತ್ತಳು.

ಅಷ್ಟರಲ್ಲಿ ಒಲೆಯ ಬಳಿಯಿದ್ದ ಪ್ರಮೀಳಾ ಪಡಸಾಲೆಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು: “ಅಯ್ಯೋ ಅತ್ತೆ, ಅಮ್ಮನ ನಶ್ಯದ ಡಬ್ಬಿ ನಿಮ್ಮ ಕೈಗೆ ತಾಗಿತಾ?”

“ಸುಳ್ಳು! ಅದು...” ಎಂದು ಪ್ಯಾಕೆಟ್ಟು ಶುರುಮಾಡುತ್ತಿದ್ದಂತೆ ಅವಳು ಅದನ್ನು ಫ್ರಿಜ್ಜಿನೊಳಗೆ ತುರುಕಿ ಬಾಗಿಲು ಜಡಿದಳು.

ಜಲಜಕ್ಕ ಸೋಪು ಹಾಕಿ ಕೈ ತೊಳೆದುಕೊಂಡು, ಗುಲಾಬಿಯ ಕಿವಿಯ ಬಳಿ ಕೇಳಿದರು: “ಮದುವೆ ಯಾವಾಗ ಇಟ್ಟುಕೊಳ್ಳುವ?”

ಊಟಕ್ಕೆ ಬಡಿಸಿದ ಬಂಗುಡೆ ಸಾರಿನಲ್ಲಿ ಬಂಗುಡೆಯೇ ಇರಲಿಲ್ಲ. ಜಲಜಕ್ಕ ಮಾತ್ರ ಎರಡು ಸಲ ಹಾಕಿಸಿಕೊಂಡು, ಮೀನು ಬಹಳ ತಾಜಾ ಇದೆ ಎಂದರು.