ಮೂಟೆಗೆ ಮಿಲಿಟರಿ ಕಾವಲು

"ಹ್ಯಾಂಡ್ಸಪ್!"

ತೆಂಗಿನ ಮರದ ಬುಡದಲ್ಲಿ ಬಗ್ಗಿದ್ದ ಮುದುಕ ನಿಧಾನವಾಗಿ ಎರಡೂ ಕೈ ಎತ್ತಿದ. ಒಂದೊಂದರಲ್ಲೂ ಒಂದೊಂದು ಕಾಯಿ. ಪಕ್ಕದಲ್ಲಿ ಮುಕ್ಕಾಲು ತುಂಬಿದ ಗೋಣಿಚೀಲ.

ಸಿಪಾಯಿ ರವೀಂದ್ರನ ಎದೆ ಉಬ್ಬಿತು. ರಜೆಗೆ ಬಂದವನು ಸಂಪಿಗೆ ಎಂಬ ಊರಿಗೆ ಹೆಣ್ಣು ನೋಡಲು ಹೊರಟಿದ್ದ. ಮನೆಯವರು ಕಾರಿನಲ್ಲಿ ಹಿಂದೆ ಬರುತ್ತಿದ್ದರು. ಇವನು ಯೂನಿಫಾರಂ ತೊಟ್ಟು, ಬೈಕಿನಲ್ಲಿ ಮುಂದಾಗಿ ಬಂದು, ಭಾವೀ ಮಾವ ಕರಿಯಪ್ಪನವರ ತೋಟದ ಮೇಲೆ ಕಣ್ಣಾಡಿಸೋಣವೆಂದು ಒಳಗೆ ನುಗ್ಗಿದ್ದ. ಕೆರೆ ಏರಿಯ ಕೆಳಗಿನ ತೋಟ ಎಂದು ಅಮ್ಮ ಹೇಳಿದ್ದಳು. ಈಗಾಗಲೇ ಎರಡು ಕಡೆ ಮಿಲಿಟರಿ ಹುಡುಗ ಬೇಡ ಅಂದಿದ್ದರು. ಇದೂ ತಪ್ಪಿದರೆ ಮುಂದಿನ ರಜೆಯವರೆಗೆ ಬ್ರಹ್ಮಚರ್ಯವೇ ಗತಿ. ಅಂಥದ್ದರಲ್ಲಿ ಮಾವನ ತೋಟದ ಕಳ್ಳ ಸಿಕ್ಕರೆ ಬಿಡುವುದುಂಟೆ?

"ಸಿವಿಲಿಯನ್‌ಗಳನ್ನ ಹಿಡ್ದು ಸಾಗಿಸೋ ಅಧಿಕಾರ ಸೈನ್ಯಕ್ಕೈತೆ, ಗೊತ್ತೇನಯ್ಯ?"

ರಜೆಯ ಮೇಲಿರುವ ಸಿಪಾಯಿಗೆ, ಅದೂ ತೆಂಗಿನ ತೋಟದಲ್ಲಿ, ಅಂಥ ಅಧಿಕಾರ ಯಾವ ಕಾನೂನಿನಲ್ಲೂ ಇಲ್ಲ. ಗದರುವಾಗ ಅದೆಲ್ಲ ಯಾರಿಗೆ ನೆನಪಿರುತ್ತದೆ?

ಮುದುಕನ ಕಣ್ಣು ಇವನ ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಒಂದು ಗಳಿಗೆ ನಿಂತಿತು. "ಇರ್ತೈತೆ ಕಣಪ್ಪ. ಎಲ್ಲಿಗೆ ಸಾಗಿಸ್ತೀಯ?"

"ಕರಿಯಪ್ಪನವರ ಮನೆಗೆ. ದಾರಿ ತೋರ್ಸು ನಡಿ."

"ಹಂಗೇ ಆಗ್ಲಿ ಬುಡು. ಮೂಟೆ?"

"ಅದು ಸಾಕ್ಷಿ. ನೀನು ಮುಟ್ಟಂಗಿಲ್ಲ!"

"ಹಂಗಾದ್ರೆ ಇವೂ ಸಾಕ್ಷಿ ತಾನೇ," ಎಂದು ಮುದುಕ ಕೈಯಲ್ಲಿದ್ದ ಕಾಯಿಗಳನ್ನೂ ಚೀಲಕ್ಕೆ ಹಾಕಿದ. ರವೀಂದ್ರ ಬೈಕನ್ನು ಅಲ್ಲೇ ಬಿಟ್ಟು, ಉಸಿರು ಬಿಗಿಹಿಡಿದು ಮೂಟೆಯನ್ನು ಹೆಗಲಿಗೇರಿಸಿದ.

ದಾರಿಯಲ್ಲಿ ಸ್ಕೂಟರಿನಲ್ಲಿ ಎದುರಾದವನೊಬ್ಬ ಯೂನಿಫಾರಂ ಕಂಡಿದ್ದೇ ಗಾಡಿ ನಿಲ್ಲಿಸಿ, ಸಲ್ಯೂಟ್ ಹೊಡೆದು, ಪಕ್ಕಕ್ಕೆ ಸರಿದ. ಮುದುಕ ಟವೆಲಿನಿಂದ ಮುಖ ಮುಚ್ಚಿಕೊಂಡ. ಪಾಪ, ನಾಚಿಕೆ ಇರಬೇಕು ಎಂದುಕೊಂಡ ರವೀಂದ್ರ.

ಮನೆ ಬಂದಾಗ ಮುದುಕ ಹೋಗಿ ಹಿತ್ತಿಲ ಬಾಗಿಲು ತಟ್ಟಿದ. ಬಾಗಿಲು ತೆರೆದ ಹೆಂಗಸು ಬಾಯಿ ಮೇಲೆ ಕೈಯಿಟ್ಟಳು.

"ಏನ್ರೀ ಇದು! ಹೋಳಿಗೆಗೆ ಕಾಯಿ ತನ್ನಿ ಅಂದ್ರೆ, ಹೆಣ್ ನೋಡಕ್ ಬಂದ ಗಂಡಿನ್ ಕೈಲೇ ಹೊರ್ಸ್ಕೊಂಡ್ ಬಂದಿದ್ದೀರಲ್ರೀ!"

ರವೀಂದ್ರನ ಹೆಗಲಿಂದ ಮೂಟೆ ಜಾರಿತು. ಬಂಧಿಸಿ ತಂದಿದ್ದು ಸಾಕ್ಷಾತ್ ಕರಿಯಪ್ಪನವರನ್ನೇ! ಸಂಬಂಧ ಮುರಿದುಬಿತ್ತೆಂದು ಅಳುವೇ ಬಂತು. ದಢಕ್ಕನೆ ಕಾಲಿಗೆ ಬಿದ್ದ.

"ತಪ್ಪಾಯ್ತು ಮಾವ! ನಿಮ್ಮ ತೋಟದಾಗೆ ನಿಮ್ಮನ್ನೇ ಕಳ್ಳ ಅಂದ್ಕೊಂಬುಟ್ಟೆ."

"ಏಳಪ್ಪ ಅಳಿಯ, ಸಂಬಂಧ ಖಾಯಂ," ಎಂದ ಕರಿಯಪ್ಪ ಮೂಟೆಯನ್ನು ಒಳಗೆಳೆದುಕೊಳ್ಳುತ್ತಾ. "ನಮ್ಮ ತೋಟ ಬೇಲಿಯಿಂದಾಚೆಗೈತೆ. ನೀನು ನನ್ನ ಹಿಡ್ದ ತೋಟ, ದಾರೀಲಿ ಸಲ್ಯೂಟ್ ಹೊಡೆದ್ನಲ್ಲ, ಆ ಶಿವರಾಜೂದು."