ಪಾಟೀಲರ ಪಾಸ್‌ವರ್ಡ್

"ಅಮ್ಮಾ, ಹೊರಗಿನ ಡಬ್ಬಿ ದಾರಿ ಬಿಟ್ತು. ಒಳಗಿನ ಕಂಪ್ಯೂಟರ್ ಬಿಡ್ತಾ ಇಲ್ಲ," ಅಂದ ರಾಘು. ಶಿರಸಿಯ ಅಂಗಡಿಯಿಂದ ರಿಪೇರಿಗೆ ಬಂದವನು ಬೆಳಿಗ್ಗೆಯಿಂದ ವಯರುಗಳ ನಡುವೆ ನೆಲದ ಮೇಲೇ ಕೂತಿದ್ದ.

ಗಂಗಾಂಬಿಕಾ ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು. ಗಂಡ ಪಾಟೀಲರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ. ನಾಳೆ ಬೆಳಿಗ್ಗೆ ಎದೆಯ ಆಪರೇಷನ್. ಸಂಜೆಯ ಬಸ್ಸು ಹಿಡಿದರೆ ಅವರನ್ನು ಒಳಗೆ ಒಯ್ಯುವ ಮೊದಲು ಮುಖ ನೋಡಬಹುದು. ಆದರೆ ಇಸಳೂರಿನ ಈ ಮನೆಯಲ್ಲಿ ಅತ್ತೆ ಪಾರ್ವತವ್ವ ಇದ್ದಳು. ಮರೆವು ಹತ್ತಿದ ಮುದುಕಿ, ಕಣ್ಣು ತಪ್ಪಿಸಿ ರಸ್ತೆಗೆ ಇಳಿದುಬಿಡುತ್ತಾಳೆ. ಪಕ್ಕದ ಮನೆಯ ಹೊನ್ನಿ ಸಂಜೆ ಬಂದು ಜೊತೆಗಿರಲು ಒಪ್ಪಿದ್ದರೂ ಪಾಟೀಲರು ಒಪ್ಪಿರಲಿಲ್ಲ. ಬಾಗಿಲ ಕ್ಯಾಮೆರಾ ತನ್ನ ಮೊಬೈಲಿನಲ್ಲಿ ಹಗಲೂ ರಾತ್ರಿ ಕಾಣಿಸುತ್ತಿರಬೇಕು, ತಾನು ಒಳಗೆ ಹೋದಾಗ ಹೆಂಡತಿ ಅದನ್ನು ನೋಡುತ್ತಿರಬೇಕು, ಹಾಗಾದರೆ ಮಾತ್ರ ಮನೆ ಬಿಡು ಎಂದಿದ್ದರು.

ಕ್ಯಾಮೆರಾದ ಚಿತ್ರ ಮನೆಯ ಟಿವಿಯಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಮನೆಯಿಂದ ಆಚೆ ಹೋಗುತ್ತಿರಲಿಲ್ಲ. ಹೋಗದಂತೆ ಮಾಡಿದವರೂ ಪಾಟೀಲರೇ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ, ತಂತಿಯೊಳಗಿಂದ ಕಳ್ಳರು ಬರುತ್ತಾರೆಂದು ಹಳೆಯ ಕಂಪ್ಯೂಟರೊಂದನ್ನು ಫೈರ್‌ವಾಲ್ ಮಾಡಿ ಹೊರಗಿನ ಡಬ್ಬಿಯಾದ ರೂಟರಿಗೂ ಮನೆಗೂ ನಡುವೆ ಕಾವಲಿಗೆ ಕೂರಿಸಿದ್ದರು. ರಾಘು ಹೇಳಿದ್ದನ್ನೇ ಹೇಳುತ್ತಿದ್ದ. ಹೊರಗಿನಿಂದ ಕ್ಯಾಮೆರಾ ಕೇಳಿಕೊಂಡು ಬಂದವರನ್ನು ರೂಟರ್ ಈ ಕಾವಲುಗಾರನ ಹತ್ತಿರ ಕಳಿಸಬೇಕು, ಕಾವಲುಗಾರ ಕ್ಯಾಮೆರಾದ ಹತ್ತಿರ ಕಳಿಸಬೇಕು. ಪೋರ್ಟ್ ಫಾರ್ವರ್ಡಿಂಗ್ ಅಂದರೆ ಇಷ್ಟೇ. ಒಬ್ಬನಿಗೆ ಹೇಳಿ ಇನ್ನೊಬ್ಬನಿಗೆ ಹೇಳದಿದ್ದರೆ ಬಂದವರು ನಡುವೆಯೇ ನಿಂತಿರುತ್ತಾರೆ. ರೂಟರಿಗೆ ಹೇಳಿಯಾಗಿತ್ತು. ಕಾವಲುಗಾರನಿಗೆ ಹೇಳಲು ಪಾಸ್‌ವರ್ಡ್ ಬೇಕಿತ್ತು.

ಅದನ್ನು ಫೋನಿನಲ್ಲಿ ಹೇಳಲು ಪಾಟೀಲರು ತಯಾರಿರಲಿಲ್ಲ. ಫೋನನ್ನು ಯಾರು ಯಾರು ಕದ್ದು ಕೇಳುತ್ತಾರೆಂದು ಜನ್ಮವೆಲ್ಲ ಅದೇ ಕೆಲಸ ಮಾಡಿದ ತನಗೆ ಗೊತ್ತು ಅಂದರು. ಹೆಂಡತಿ ಬೈದ ಮೇಲೆ ರಾಘುವಿಗೆ ಅರ್ಧ ಹೇಳಿದರು: "ನಮ್ಮ ಮನಿಯಾಕಿ ಎಂದೂ ಬಾಯಿಂದ ಅನ್ನದ್ದು ಅದು. ಆಕಿನ್ನ ಕೇಳ್ರಿ." ಅಷ್ಟರಲ್ಲಿ ಅವರನ್ನು ಯಾವುದೋ ತಪಾಸಣೆಗೆ ಕರೆದೊಯ್ದರು. ಆಮೇಲೆ ಎಷ್ಟು ಹಚ್ಚಿದರೂ ಫೋನು ಸುಮ್ಮನೆ ಹೊಡೆದುಕೊಳ್ಳುತ್ತಿತ್ತು.

ರಾಘು ನಿಲ್ಕುಂದದವನು, ಅವನ ಹೆಂಡತಿ ಅವನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಅವನಿಗೆ ಏನೂ ಹೊಳೆಯಲಿಲ್ಲ. ಒಂದೆರಡು ಬೈಗುಳ ಟೈಪ್ ಮಾಡಿ ನೋಡಿದ, ಅವೂ ಅಲ್ಲ. ಗಂಗಾಂಬಿಕಾಗೆ ಕೇಳಿದ ಕೂಡಲೇ ಹೊಳೆದಿತ್ತು. ಹೊಳೆದ ಮೇಲೆ ಸಿಟ್ಟು ಇನ್ನೂ ಏರಿತ್ತು.

"ಅದು ಅವರ ಹೆಸರ ಇರ್ಬೇಕು, ತಮ್ಮಾ," ಅಂದಳು ಕೊನೆಗೆ.

"ಎಂತ ಅಮ್ಮಾ ಅವ್ರ ಹೆಸರು? ನಮ್ಗೆ ಪಾಟೀಲರು ಅಂತ ಮಾತ್ರ ಗೊತ್ತು."

ಗೇಟಿನ ಫಲಕದಲ್ಲಿ ಎಂ. ಎಸ್. ಪಾಟೀಲ ಎಂದಷ್ಟೇ ಇತ್ತು. ಕರೆಂಟ್ ಬಿಲ್ಲು ಇನ್ನೂ ತೀರಿಹೋದ ಮಾವನ ಹೆಸರಿನಲ್ಲೇ ಬರುತ್ತಿತ್ತು. ಆಧಾರ್, ರೇಷನ್ ಕಾರ್ಡು ಎಲ್ಲ ಪಾಟೀಲರ ಜೊತೆ ಹುಬ್ಬಳ್ಳಿಗೆ ಹೋಗಿದ್ದವು. ಬರೆದು ಕೊಡೋಣವೆಂದರೆ ಗಂಗಾಂಬಿಕಾಗೆ ತನ್ನ ಸಹಿಯ ಆಚೆ ಅಕ್ಷರ ಬಾರದು. ಇಂಥ ಹೊತ್ತಿನಲ್ಲಿ ಪಕ್ಕದಲ್ಲಿದ್ದವರ ಕಡೆಯಿಂದ ಹೇಳಿಸುವುದು ರೂಢಿ. ಅವಳು ಮಂಚದ ಮೇಲೆ ಕೂತಿದ್ದ ಅತ್ತೆಯ ಕಡೆ ತಿರುಗಿದಳು.

"ಅತ್ತೀ, ನಿಮ್ಮ ಮಗನ ಹೆಸರ ಹೇಳ್ರಿ ಇವರಿಗೆ."

ಪಾರ್ವತವ್ವ ಒಮ್ಮೆ ರಾಘುವನ್ನು, ಒಮ್ಮೆ ಸೊಸೆಯನ್ನು ನೋಡಿದಳು. "ಯಾರ ಮಗ?" ಅಂದಳು.

ಎಲ್ಲ ಅಳಿಸಿ ಹೊಸದಾಗಿ ಹಾಕಬಹುದು, ಆದರೆ ನಾಳೆ ಮಧ್ಯಾಹ್ನವಾಗುತ್ತದೆ, ಏನು ಮಾಡಲಿ ಎಂದು ರಾಘು ಕೇಳಿದ. ನಾಳೆ ಮಧ್ಯಾಹ್ನಕ್ಕೆ ಆಗುವುದೆಲ್ಲ ಆಗಿಹೋಗಿರುತ್ತದೆ. ಗಂಗಾಂಬಿಕಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಗೋಡೆಗೆ ಮುಖ ಮಾಡಿ, ಹೇಳಿದಳು.

"ಎಂತ? ಕೇಳ್ಲಿಲ್ಲ."

"ಮಡಿವಾಳಪ್ಪ."

ಅವನು ಟೈಪ್ ಮಾಡಿದ. ತಪ್ಪು ಅಂತ ಬಂತು. ನಡುವಿನ 'ವಾ'ಕ್ಕೆ ವಿ ಹಾಕುತ್ತಾರೋ ಡಬ್ಲ್ಯೂ ಹಾಕುತ್ತಾರೋ ಎಂದು ಕೇಳಿದ. ಹಾಕಿದವರನ್ನೇ ಕೇಳಿ ಎಂದಳು. ಇನ್ನೊಮ್ಮೆ ಬಿಡಿಸಿ ಹೇಳಿ ಅಂದ, ಹೇಳಿದಳು. ಕೊನೆಗೆ ಅಪ್ಪನೋ ಬರೀ ಅಪನೋ ಅಂದ, ಮತ್ತೆ ಹೇಳಿದಳು. ಸಂಸಾರವಿಡೀ ನಾಲಿಗೆಗೆ ಬಾರದ ಹೆಸರನ್ನು ಶಾಲೆಯ ಹಾಜರಿ ಕರೆದ ಹಾಗೆ ಕರೆಯಬೇಕಾಯಿತು. ಸೆರಗು ಯಾವಾಗಲೋ ಜಾರಿತ್ತು. "ಮ-ಡಿ-ವಾ-ಳ-ಪ್ಪ," ಎಂದು ಓಣಿಗೆಲ್ಲ ಕೇಳುವಂತೆ ಅಂದಳು. "ಮಡಿವಾಳಪ್ಪ, ಮಡಿವಾಳಪ್ಪ. ಸಾಕೇನು?"

ಡಬ್ಲ್ಯೂ ಹಾಕಿದಾಗ ಕಂಪ್ಯೂಟರ್ ಒಪ್ಪಿತು. ರಾಘು ಒಂದೇ ಒಂದು ಸಾಲು ಸೇರಿಸಿ ಗುಂಡಿ ಒತ್ತಿ, ಬೆವರು ಒರೆಸಿಕೊಂಡ. ಸ್ವಲ್ಪ ಹೊತ್ತಿಗೆ ಪಾಟೀಲರದೇ ಫೋನು ಬಂತು. ವಾರ್ಡಿಗೆ ವಾಪಸಾಗಿ ಮೊಬೈಲ್ ತೆರೆದಿದ್ದರು, ದನಿಯಲ್ಲಿ ಹಿಗ್ಗು. ಬಾಗಿಲು ಕಾಣುತ್ತದೆ, ಗೇಟೂ ಕಾಣುತ್ತದೆ, ಇನ್ನು ಬಸ್ಸು ತಪ್ಪಿಸಿಕೊಳ್ಳಬೇಡ, ಹೊರಡು ಅಂದರು. ಹೇಳುತ್ತಿದ್ದವರು ನಡುವೆಯೇ ಕೇಳಿದರು: "ಅವ್ವ ಯಾಕ ಬಾಗ್ಲಾಗ ಬಂದು ಕುಂತ್ಲು?"

ಗಂಗಾಂಬಿಕಾ ತಿರುಗಿ ನೋಡಿದಳು. ಮಂಚ ಖಾಲಿಯಿತ್ತು. ಪಾರ್ವತವ್ವ ಹೊಸ್ತಿಲಿಗೆ ಅಡ್ಡವಾಗಿ ಕೂತು, ಕೈಯನ್ನು ಹಣೆಗೆ ಮರೆ ಮಾಡಿ ರಸ್ತೆ ನೋಡುತ್ತಿದ್ದಳು. ಚೀಲ ಹೊತ್ತು ಹತ್ತಿರ ಬಂದ ಸೊಸೆಯನ್ನು ತಲೆಯೆತ್ತಿ ನೋಡಿದಳು. ಎಷ್ಟೋ ತಿಂಗಳ ಮೇಲೆ ಗುರುತು ಸಿಕ್ಕಿದ ನೋಟ ಅದು. ಏನೋ ಹೇಳಿ ಗದರಿದಳು.

ಕ್ಯಾಮೆರಾದಲ್ಲಿ ಚಿತ್ರ ಮಾತ್ರ ಹೋಗುತ್ತಿತ್ತು, ಮಾತು ಹೋಗುತ್ತಿರಲಿಲ್ಲ.

"ಏನಂತಾಳ ಅವ್ವ?" ಹುಬ್ಬಳ್ಳಿಯಿಂದ ಪಾಟೀಲರು ಕೇಳಿದರು.

ಗಂಗಾಂಬಿಕಾ ಚೀಲವನ್ನು ಹೆಗಲಿಂದ ಇಳಿಸಿದಳು.

"ನನ್ನ ಮಗ ಮಡಿವಾಳ ಬರೂ ಹೊತ್ತಾತು, ರೊಟ್ಟಿ ಬಡಿ ಅಂತಾರ."