ಪೊಟ್ಟಣದೊಳಗಿನ ಗೂಳಿ

ಕಾರ್ನ್‌ಫ್ಲೇಕ್ಸ್ ಪೊಟ್ಟಣ ಬಿಚ್ಚಿದಾಗ ಬರುವ ಹುರಿದ ಜೋಳದ ವಾಸನೆಗೆ ಈ ವಯಸ್ಸಿನಲ್ಲೂ ನನ್ನ ಬೆನ್ನು ಚುರುಗುಟ್ಟುತ್ತದೆ.

ಕೊಡೈಕಾನಲ್‌ನ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದ ಚಿಕ್ಕಪ್ಪ ಊರಿಗೆ ಬಂದಾಗಲೆಲ್ಲ, ಅಂಥ ಪೊಟ್ಟಣಗಳೊಳಗೆ ಸಿಗುವ ಪ್ಲಾಸ್ಟಿಕ್ ಬೊಂಬೆಗಳನ್ನು ನನಗೆ ತರುತ್ತಿದ್ದ. ಆನೆ ಬಂದಿತ್ತು, ಒಂಟೆ ಬಂದಿತ್ತು. ಆ ಮಧ್ಯಾಹ್ನ ಬಂದದ್ದು, ಹುರಿದ ಜೋಳದ ವಾಸನೆ ಇನ್ನೂ ಅಂಟಿಕೊಂಡಿದ್ದ, ಹೆಬ್ಬೆರಳಿನಷ್ಟು ದೊಡ್ಡ ಕೆಂಪು ಗೂಳಿ. ಅದರ ಬೆನ್ನಿಗೆ ಟೋಪಿಯ ಮನುಷ್ಯನೊಬ್ಬ ಈಟಿ ಚುಚ್ಚಿ ನಿಂತಿದ್ದ.

ತಾತ ನಮ್ಮ ಕುಲದವರು ದೇವರಿಗೆ ಬಿಟ್ಟ ಸಾಮಿ ದನಗಳನ್ನು ಕಾಯುತ್ತಿದ್ದವರು. ಆ ದನಗಳನ್ನು ಯಾರೂ ಹೂಡುವಂತಿರಲಿಲ್ಲ, ಹೊಡೆಯುವಂತಿರಲಿಲ್ಲ. ಬೊಂಬೆಯನ್ನು ನನ್ನ ಅಂಗೈಯಿಂದ ಎತ್ತಿ ನೋಡಿದವರ ಮುಖ ಕಪ್ಪಿಟ್ಟಿತು.

"ಬಸವನ್ನ ಕುತ್ತೋದು ಮಕ್ಳಿಗೆ ಆಟವೇನೋ?"

"ಯಪ್ಪಾ, ಬರೀ ಬೊಮ್ಮೆ ಅದು," ಎಂದು ಚಿಕ್ಕಪ್ಪ ನಕ್ಕ.

ಆ ನಗುವೇ ಸಾಕಾಯಿತು. ತಾತ ಬಾವಿಹಗ್ಗವನ್ನು ಮಡಚಿ ಬೀಸಿದರು. ಮೊದಲು ಚಿಕ್ಕಪ್ಪನ ಬಿಳಿ ಅಂಗಿ ಹರಿಯಿತು, ಆಮೇಲೆ ಚರ್ಮ. ಅವನು ಕೈ ಎತ್ತಲಿಲ್ಲ. ಕೊಟ್ಟಿಗೆಯ ಕಂಬವನ್ನು ತಬ್ಬಿಕೊಂಡು ಕುಸಿದ. "ಬುಡಿ, ಪಿಳ್ಳೆ ಸತ್ತೋಗ್ತಾನೆ!" ಎಂದು ಮಗನಿಗೆ ಅಡ್ಡಬಂದ ಅಜ್ಜಿಯ ಕೆನ್ನೆಗೂ ಒಂದು ಏಟು ಬಿತ್ತು.

ಹಗ್ಗ ಬಿಸುಟು, ತಾತ ಗೂಳಿಯ ಬೆನ್ನಿನಿಂದ ಈಟಿ ಕಿತ್ತರು. ಟೋಪಿಯವನನ್ನು ಒರಳಿಗೆ ಹಾಕಿ ಪುಡಿಪುಡಿ ಮಾಡಿದರು. ಆಮೇಲೆ ಗೂಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು.

"ಅರಿಶ್ನ ಕಲಸ್ಕೊಂಡು ಬಾ ತಾಯೀ," ಎಂದರು ನನಗೆ.

ತಂದುಕೊಟ್ಟೆ. ಬೆರಳಿನಿಂದ ಆ ಪ್ಲಾಸ್ಟಿಕ್ ಬೆನ್ನಿನ ತೂತಿಗೆ ಅರಿಶಿನ ಮೆತ್ತುತ್ತ, "ನೋವಾಯ್ತಾ ಸಾಮಿ? ಆಯ್ತು, ಆಯ್ತು," ಎನ್ನುತ್ತಿದ್ದರು.

ಬಟ್ಟಲಲ್ಲಿ ಇನ್ನೂ ಅರಿಶಿನ ಉಳಿದಿತ್ತು. ಕಂಬದ ಬುಡದಲ್ಲಿ ಚಿಕ್ಕಪ್ಪ ಬೋರಲು ಬಿದ್ದಿದ್ದ. ಅಜ್ಜಿ ಆ ಬಟ್ಟಲನ್ನು ಎತ್ತಿಕೊಳ್ಳಲೋ ಬೇಡವೋ ಎಂದು ತಾತನ ಮುಖವನ್ನೇ ನೋಡುತ್ತ ನಿಂತಿದ್ದಳು.